ತೆಗೆಸಿದ ಗಡ್ಡೆ ಮತ್ತೆ ಬಂತಾ? ಹೌದು, ಬಂತು

"ಆಪರೇಷನ್ ಆಗಿತ್ತಲ್ಲ, ಮತ್ತೆ ಹೇಗೆ ಬಂತು? ಗರ್ಭಕೋಶಾನೇ ತೆಗೆಸಿಬಿಡಬಾರದಾ?" ಈ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನಗಿರುವುದು ಫೈಬ್ರಾಯ್ಡ್. ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಡ್ಡೆ. ಕ್ಯಾನ್ಸರ್ ಅಲ್ಲ. ನನಗಾಗಿದ್ದ ಮಯೋಮೆಕ್ಟಮಿ ಅನ್ನುವ ಆಪರೇಷನ್ನಿನಲ್ಲಿ ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸುತ್ತಾರೆ. ಆಗ ಕಣ್ಣಿಗೆ ಬೀಳದ ಸಣ್ಣಪುಟ್ಟವು ಒಳಗೇ ಉಳಿದಿರಬಹುದು, ಮುಟ್ಟಿನ ಹಾರ್ಮೋನುಗಳು ಇರುವವರೆಗೆ ಅವೂ ಬೆಳೆಯಬಹುದು, ಹೊಸದೂ ಹುಟ್ಟಬಹುದು. ಡಾಕ್ಟರ್ ಕೈಗುಣ ಸರಿಯಿಲ್ಲ ಅಂತಲ್ಲ. ನಾನು ಪಥ್ಯ ಮಾಡಲಿಲ್ಲ ಅಂತಲೂ ಅಲ್ಲ.

ರಾಜಾಜಿನಗರದ ಛತ್ರವೊಂದರಲ್ಲಿ ಮದುವೆ ಊಟ. ಪಕ್ಕದ ಎಲೆಯಲ್ಲಿ ದೊಡ್ಡಮ್ಮ. "ಮಗಳು ಕಾಲೇಜಿಗೆ ಹೋಗ್ತಿದ್ದಾಳೆ, ಇನ್ನು ಯಾಕೆ ನಿಂಗೆ ಅದು? ಕಿತ್ತು ಹಾಕಿಸ್ಬಿಡು" ಅಂದರು, ಇಡೀ ಪಂಕ್ತಿಗೆ ಕೇಳುವ ಹಾಗೆ. ಸಾರಿನ ಬಕೆಟ್ ಹಿಡಿದು ನಿಂತಿದ್ದ ಹುಡುಗ ನನ್ನ ಮುಖ ನೋಡಲಾಗದೆ ಎಲೆ ನೋಡಿಕೊಂಡೇ ಬಡಿಸಿದ. ಹಿಡಿ ಮುರಿದ ಕುಕ್ಕರನ್ನೂ ಅಟ್ಟದ ಮೇಲೆ ಜೋಪಾನ ಮಾಡಿಟ್ಟಿರುವ ಹೆಂಗಸು ಇವರು!

ಗರ್ಭಕೋಶ ತೆಗೆಸಿದರೆ ಗಡ್ಡೆಯ ಕಾಟ ಮುಗಿಯುತ್ತೆ, ನಿಜ. ಎಷ್ಟೋ ಜನಕ್ಕೆ ಅದೇ ಸರಿ. ನಾಳೆ ನಾನೂ ತೆಗೆಸಬಹುದು. ಆದರೆ ಸ್ಕ್ಯಾನಿನಲ್ಲಿ ಗಡ್ಡೆ ಕಂಡ ಮಾತ್ರಕ್ಕೆ ತೆಗೆಸಲ್ಲ. ಅಗತ್ಯವಿಲ್ಲದೆ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು, ಗೊತ್ತಾ? ನನಗೀಗ 46. ಮುಟ್ಟು ನಿಂತ ಮೇಲೆ ಇವು ಸಾಮಾನ್ಯವಾಗಿ ಕುಗ್ಗುತ್ತವೆ. ಅಲ್ಲಿವರೆಗೆ ತಳ್ಳಬಹುದಾ ಅಂತ ನೋಡುತ್ತಿದ್ದೇನೆ, ಡಾಕ್ಟರಿಗೂ ಒಪ್ಪಿಗೆ ಇದೆ.

ಗಡ್ಡೆ ಎಷ್ಟು ಸೆಂಟಿಮೀಟರ್ ಅಂತ ಎಲ್ಲರೂ ಕೇಳುತ್ತಾರೆ. ರಕ್ತ ಎಷ್ಟು ಹೋಗುತ್ತೆ, ಹಿಮೋಗ್ಲೋಬಿನ್ ಎಷ್ಟಿದೆ ಅಂತ ಒಬ್ಬರೂ ಕೇಳಲ್ಲ. ಗರ್ಭಕೋಶದ ಹೊರಮೈಯಲ್ಲಿರುವ ದೊಡ್ಡ ಗಡ್ಡೆ ಸುಮ್ನೆ ಇರಬಹುದು, ಒಳಪದರಕ್ಕೆ ಚಾಚಿಕೊಂಡ ಸಣ್ಣದೊಂದು ಗೋಳು ಹುಯ್ಯಬಹುದು. ನನ್ನದು ಎರಡನೇ ಜಾತಿ. ಆ ದಿನಗಳಲ್ಲಿ ಕಪ್ಪು ಪ್ಯಾಂಟೇ ಗತಿ. ಮೆಟ್ರೋದಲ್ಲಿ ಸೀಟು ಸಿಕ್ಕರೂ ಕೂರಲು ಭಯ, ಮೆಜೆಸ್ಟಿಕ್‌ವರೆಗೆ ಕಂಬ ಹಿಡಿದು ನಿಂತರೆ ತಲೆ ಸುತ್ತು. ರಕ್ತ ಹೋಗುವುದು ಕಡಿಮೆಯಾಗಲು ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಔಷಧಿ, ಮಿಕ್ಕಂತೆ ದಿನವೂ ಕಬ್ಬಿಣದ ಮಾತ್ರೆ.

ಈ ಕಬ್ಬಿಣದ ಮಾತ್ರೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಕಾಫಿ ಜೊತೆಗೆ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲ, ಒಂದು ಗಂಟೆ ಕಾಯಬೇಕು. ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುತ್ತಿರುತ್ತೆ, ನಾನು ಗಡಿಯಾರ ನೋಡುತ್ತಾ ಕೂತಿರುತ್ತೇನೆ. ಅಯ್ಯೋ ಪಾಪ ಅನ್ನಲೇಬೇಕು ಅನ್ನುವವರು ಇದಕ್ಕೆ ಅನ್ನಿ.