ಧೂಮಕೇತು ಪುಸ್ತಕ: ಕೆಲಸ ಎಲ್ಲಿಗೆ ಬಂತು

ಧೂಮಕೇತುಗಳ ಬಗ್ಗೆ ಇಂಟರ್ನೆಟ್‌ನಲ್ಲಿ ಮುಕ್ತವಾಗಿ ಸಿಗುವ ಬರಹ, ಚಿತ್ರಗಳನ್ನು ಒಟ್ಟು ಮಾಡಿ ಕನ್ನಡದಲ್ಲಿ ಒಂದು ಪುಸ್ತಕ ತಂದು ಮಾರಬೇಕು ಅಂತ ಹೊರಟಿದ್ದೆನಲ್ಲ, ಅದು ಈಗ ಒಂದು ರೂಪಕ್ಕೆ ಬಂದಿದೆ. ಅಧ್ಯಾಯಗಳ ಬರಹ ಮುಗಿದಿದೆ. ಚಿತ್ರಗಳ ಕೆಲಸ ಮುಕ್ಕಾಲು ಪಾಲು ಆಗಿದೆ. ಪದಸೂಚಿಗೆ ಇನ್ನೂ ಕೈ ಹಚ್ಚಿಲ್ಲ.

ಈ ಪುಸ್ತಕದ ವಿಷಯ ತೆಗೆದಾಗಲೆಲ್ಲ ಬರುವ ಪ್ರಶ್ನೆ ಒಂದೇ. ಪುಕ್ಕಟೆ ಸಿಗುವುದನ್ನು ದುಡ್ಡಿಗೆ ಮಾರಬಹುದಾ? ಮಾರಬಹುದು. ವಿಕಿಪೀಡಿಯದ ಬರಹ 2009ರ ತನಕ ಜಿಎಫ್‌ಡಿಎಲ್ ಅನ್ನುವ ಮುಕ್ತ ಲೈಸೆನ್ಸಿನಲ್ಲಿತ್ತು. ಆಮೇಲೆ ಕ್ರಿಯೇಟಿವ್ ಕಾಮನ್ಸ್‌ನ ಬೈ-ಎಸ್‌ಎ (ಶ್ರೇಯ ಕೊಡಿ, ಅದೇ ಷರತ್ತಿನಲ್ಲಿ ಹಂಚಿ ಅನ್ನುವ ಲೈಸೆನ್ಸ್) 3.0 ಬಂತು, 2023ರಿಂದ 4.0. ಇವುಗಳಲ್ಲಿ ಯಾವುದೂ ಮಾರಾಟಕ್ಕೆ ಅಡ್ಡ ಬರುವುದಿಲ್ಲ. ಷರತ್ತುಗಳು ಬೇರೆ ಇವೆ. ಬರೆದವರಿಗೆ ಸಲ್ಲಬೇಕಾದ ಶ್ರೇಯ ಕೊಡಬೇಕು, ಯಾವ ಲೈಸೆನ್ಸ್ ಅಂತ ತಿಳಿಸಬೇಕು, ಏನಾದರೂ ತಿದ್ದಿದ್ದರೆ ತಿದ್ದಿದ್ದೇನೆ ಅಂತ ಹೇಳಬೇಕು. ತಿದ್ದಿ ಮಾಡಿದ್ದನ್ನೂ ಅದೇ ಲೈಸೆನ್ಸಿನಲ್ಲಿ ಬಿಟ್ಟುಕೊಡಬೇಕು. ಅನುವಾದ ಮಾಡಿದರೂ ಅದು ತಿದ್ದಿದ ಲೆಕ್ಕವೇ. ಇಂಗ್ಲಿಷ್ ಲೇಖನಗಳಿಂದ ನಾನು ಕನ್ನಡಕ್ಕೆ ತಂದ ಭಾಗಗಳಿಗೂ ಇದೇ ನಿಯಮ.

ಕೊನೆಯ ಷರತ್ತು ಹಲವರಿಗೆ ಹಿಡಿಸುವುದಿಲ್ಲ. ನನ್ನ ಪುಸ್ತಕ ಕೊಂಡವರು ಅದನ್ನು ಸ್ಕ್ಯಾನ್ ಮಾಡಿ, ತಾವೂ ಅಚ್ಚು ಹಾಕಿಸಿ, ನನಗಿಂತ ಕಡಿಮೆ ಬೆಲೆಗೆ ಮಾರಬಹುದು. ಮಾರಲಿ. ಯಾರೋ ರಾತ್ರಿ ಕೂತು ಬರೆದು ಬಿಟ್ಟುಕೊಟ್ಟಿದ್ದರಿಂದಲೇ ನನಗೆ ಈ ಪುಸ್ತಕ ಮಾಡಲು ಆಯಿತು. ಅದು ನನ್ನ ಕೈಗೆ ಬಂದ ಮೇಲೆ ಬಾಗಿಲು ಹಾಕುವುದು ಸರಿಯಲ್ಲ. ಹಾಗಾಗಿ ಕಾಪಿರೈಟ್ ಪುಟದಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಅನ್ನುವ ರೂಢಿಯ ಸಾಲು ಇರುವುದಿಲ್ಲ. ಅದನ್ನು ಹಾಕಿದರೆ ಲೈಸೆನ್ಸನ್ನೇ ಮುರಿದ ಹಾಗೆ.

ಮೂಲಗಳನ್ನು ತೋರಿಸುವ ಪುಟಕ್ಕೆ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ವಿಕಿಪೀಡಿಯ ಲೇಖನಕ್ಕೆ ಬರೆದವರೆಲ್ಲರ ಹೆಸರು ಅಚ್ಚು ಮಾಡಲೇಬೇಕು ಅಂತಿಲ್ಲ. ಲೇಖನದ ವಿಳಾಸ ಕೊಟ್ಟರೆ ಸಾಕು, ಯಾಕೆಂದರೆ ಅದರ ಇತಿಹಾಸ ಪುಟದಲ್ಲಿ ಪ್ರತಿಯೊಬ್ಬರ ಹೆಸರೂ ಇರುತ್ತದೆ. ತೊಂದರೆ ಇರುವುದು ಕನ್ನಡ ಲೇಖನಗಳ ವಿಳಾಸದಲ್ಲಿ. ಬ್ರೌಸರಿನಲ್ಲಿ ನೋಡಲು ಚೆನ್ನಾಗಿಯೇ ಇರುತ್ತದೆ, ಕಾಪಿ ಮಾಡಿದ ತಕ್ಷಣ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಉದ್ದನೆಯ ಸಾಲಾಗುತ್ತದೆ. ಯೂನಿಕೋಡ್‌ನ ಒಂದೊಂದು ಕನ್ನಡ ಚಿಹ್ನೆಗೂ ಅಲ್ಲಿ ಒಂಬತ್ತು ಅಕ್ಷರ ಬೇಕು. ‘ಧೂಮಕೇತು’ವಿನಲ್ಲಿ ಅಕ್ಷರ, ಗುಣಿತ ಸೇರಿ ಏಳು ಚಿಹ್ನೆ. ಅಂದರೆ ಬರೀ ಆ ಒಂದು ಪದಕ್ಕೆ 63 ಅಕ್ಷರ! ಪುಸ್ತಕದ ಪುಟದಲ್ಲಿ ಅದನ್ನು ನೋಡಿ ಯಾರು ಟೈಪ್ ಮಾಡುತ್ತಾರೆ? ಅದರ ಬದಲು ಶಾಶ್ವತ ಕೊಂಡಿ ಬಳಸಿದ್ದೇನೆ. ಪ್ರತಿ ತಿದ್ದುಪಡಿಗೂ ವಿಕಿಪೀಡಿಯ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಇಟ್ಟುಕೊಂಡರೆ ವಿಳಾಸ ಗಿಡ್ಡವಾಗುತ್ತದೆ, ನಾನು ಬಳಸಿದ ಆವೃತ್ತಿಯೇ ತೆರೆದುಕೊಳ್ಳುತ್ತದೆ. ಪಕ್ಕದಲ್ಲೊಂದು ಕ್ಯೂಆರ್ ಕೋಡ್ ಇಟ್ಟಿದ್ದೇನೆ. ನಾಳೆ ಆ ಲೇಖನ ಬದಲಾದರೂ ನಾನು ಎಲ್ಲಿಂದ ತೆಗೆದುಕೊಂಡೆ, ಏನು ತಿದ್ದಿದೆ ಅಂತ ಯಾರು ಬೇಕಾದರೂ ಹೋಲಿಸಿ ನೋಡಬಹುದು.

ಇನ್ನು ಬರಹದ ವಿಷಯ. ಲೇಖನಗಳನ್ನು ಸುಮ್ನೆ ಒಂದರ ಹಿಂದೆ ಒಂದು ಜೋಡಿಸಿದರೆ ಪುಸ್ತಕ ಆಗುವುದಿಲ್ಲ. ವಿಕಿಪೀಡಿಯದ ಪ್ರತಿ ಲೇಖನವೂ ಓದುವವರು ನೇರ ಇಲ್ಲಿಗೇ ಬಂದಿದ್ದಾರೆ ಅಂದುಕೊಂಡು ಶುರುವಾಗುತ್ತದೆ. ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ 1705ರಲ್ಲಿ ಲೆಕ್ಕ ಹಾಕಿ, ಮುಂದೆ ಅವರದೇ ಹೆಸರು ಪಡೆದ ಧೂಮಕೇತು 1758ರಲ್ಲಿ ಮತ್ತೆ ಬರುತ್ತದೆ ಅಂದದ್ದು, ಅದು ಹಾಗೇ ಕಾಣಿಸಿಕೊಂಡದ್ದು, ಅದನ್ನು ನೋಡಲು ಅವರೇ ಇರಲಿಲ್ಲವಾದದ್ದು: ಈ ಕಥೆ ಧೂಮಕೇತುವಿನ ಲೇಖನದಲ್ಲೂ ಇದೆ, ಹ್ಯಾಲಿಯವರ ಲೇಖನದಲ್ಲೂ ಇದೆ, ಇತಿಹಾಸದ ಭಾಗದಲ್ಲೂ ಇದೆ. ಪುಸ್ತಕದಲ್ಲಿ ಒಂದು ಕಡೆ ಚೆನ್ನಾಗಿ ಬಂದರೆ ಸಾಕಲ್ವಾ? ಒಂದನ್ನು ಉಳಿಸಿ ಮಿಕ್ಕವನ್ನು ಕತ್ತರಿಸಿದೆ.

‘ಈಗ’, ‘ಇತ್ತೀಚೆಗೆ’ ಅನ್ನುವ ಪದಗಳನ್ನಂತೂ ಹುಡುಕಿ ಹುಡುಕಿ ನೋಡಬೇಕಾಯಿತು. ಒಂದು ಹಳೇ ಬರಹದಲ್ಲಿ ಹ್ಯಾಲಿ ಧೂಮಕೇತು ಈಗ ಸೂರ್ಯನಿಂದ ದೂರ ಸಾಗುತ್ತಿದೆ ಅಂತಿತ್ತು. ಬರೆದಾಗ ಅದು ನಿಜ. ಆದರೆ 2023ರ ಡಿಸೆಂಬರಿನಲ್ಲಿ ಅದು ತನ್ನ ದಾರಿಯ ಅತಿ ದೂರದ ತುದಿ ಮುಟ್ಟಿ ತಿರುಗಿದೆ. ಈಗ ಅದು ನಮ್ಮ ಕಡೆಗೇ ಬರುತ್ತಿದೆ, 2061ರಲ್ಲಿ ಸೂರ್ಯನ ಹತ್ತಿರ ಇರುತ್ತದೆ. ಇಂಥ ಒಂದು ಸಾಲನ್ನು ಹಿಡಿದು ಸರಿಮಾಡುವುದಕ್ಕೇ ಸಂಪಾದಕ ಅಂತ ಒಬ್ಬರು ಬೇಕು. ಕೊಳ್ಳುವವರು ನನಗೆ ದುಡ್ಡು ಕೊಡುವುದು ಈ ಕೆಲಸಕ್ಕೆ. ಬರಹಕ್ಕಲ್ಲ, ಅದು ಅವರಿಗೆ ಆಗಲೇ ಪುಕ್ಕಟೆ ಇದೆ.

ಈ ಮಾತನ್ನು ಹಿಂಬದಿಯ ರಕ್ಷಾಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕುತ್ತಿದ್ದೇನೆ: ‘ಈ ಪುಸ್ತಕದ ಬಹುಪಾಲು ವಿಕಿಪೀಡಿಯ ಮತ್ತಿತರ ಮುಕ್ತ ಮೂಲಗಳಿಂದ ಆಯ್ದು, ಅನುವಾದಿಸಿ, ತಿದ್ದಿದ್ದು. ಮೂಲಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ.’ ಹೀಗೆ ಹಾಕಿದರೆ ಮಾರಾಟ ಬೀಳುತ್ತದೆ ಅಂತ ಹೇಳಿದವರಿದ್ದಾರೆ. ಬೀಳಲಿ. ಆಲ್ಫಾಸ್ಕ್ರಿಪ್ಟ್, ಬೀಟಾಸ್ಕ್ರಿಪ್ಟ್ ಅನ್ನುವ ಪ್ರಕಾಶನಗಳ ಹೆಸರಿನಲ್ಲಿ ಹಿಂದೆ ವಿಕಿಪೀಡಿಯ ಲೇಖನಗಳ ಸಾವಿರಾರು ಪುಸ್ತಕಗಳು ಬಂದವು. ನೂರಾರು ಬೇರೆ ಬೇರೆ ವಿಷಯ, ಸಂಪಾದಕರು ಮಾತ್ರ ಅದೇ ಕೆಲವರು. ವಿಕಿಪೀಡಿಯದ್ದು ಅಂತ ಅವುಗಳ ಮೇಲೇ ಅಚ್ಚಾಗಿತ್ತು, ಕಾನೂನಿನ ಪ್ರಕಾರವೂ ತಪ್ಪೇನಿರಲಿಲ್ಲ. ಆದರೂ ಆನ್‌ಲೈನ್‌ನಲ್ಲಿ ಕೊಂಡವರಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತಾಗಿದ್ದು ಪುಸ್ತಕ ಕೈಗೆ ಬಂದ ಮೇಲೆ. ಓದುವವರಿಗೆ ಹಾಗಾಗಬಾರದು. ದುಡ್ಡು ಕೊಡುವ ಮುಂಚೆಯೇ ಅವರಿಗೆ ಎಲ್ಲ ಗೊತ್ತಿರಬೇಕು.

ಚಿತ್ರಗಳಿಗೆ ಬರೋಣ. ಇಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಲೇಖನ ಮುಕ್ತ ಅಂದರೆ ಅದರೊಳಗಿನ ಚಿತ್ರವೂ ಅದೇ ಲೈಸೆನ್ಸಿನಲ್ಲಿದೆ ಅಂತ ಅರ್ಥ ಅಲ್ಲ. ಪ್ರತಿ ಚಿತ್ರದ್ದೂ ಬೇರೆ ಬೇರೆ, ಒಂದೊಂದನ್ನೂ ತೆರೆದು ನೋಡಬೇಕು. ನಾಸಾ ತಾನೇ ತೆಗೆದ ಚಿತ್ರಗಳಿಗೆ ಸಾಮಾನ್ಯವಾಗಿ ಕಾಪಿರೈಟ್ ಇಲ್ಲ. ಆದರೆ ನಾಸಾದ ‘ಇಂದಿನ ಖಗೋಳ ಚಿತ್ರ’ ಪುಟದಲ್ಲಿ ದಿನಾ ಬರುವವುಗಳಲ್ಲಿ ತುಂಬಾ ಚಿತ್ರಗಳು ಹವ್ಯಾಸಿಗಳು ತೆಗೆದದ್ದು, ಹಕ್ಕು ಅವರದೇ. ನಾಸಾ ಪುಟದಲ್ಲಿದೆ ಅಂತ ಎತ್ತಿಕೊಳ್ಳುವ ಹಾಗಿಲ್ಲ. ಲೈಸೆನ್ಸಿನಲ್ಲಿ ಎನ್‌ಸಿ (ವಾಣಿಜ್ಯ ಬಳಕೆಗಲ್ಲ) ಅಂತ ಇರುವ ಚಿತ್ರ ಮಾರಾಟದ ಪುಸ್ತಕಕ್ಕೆ ಆಗುವುದಿಲ್ಲ. ಎನ್‌ಡಿ ಅಂತ ಇದ್ದರೆ ತಿದ್ದಿ ಬಳಸುವಂತಿಲ್ಲ.

ರೊಸೆಟ್ಟಾ ನೌಕೆಯ ಚಿತ್ರಗಳು ನನಗೆ ಎಲ್ಲಕ್ಕಿಂತ ಇಷ್ಟ. 2014ರಲ್ಲಿ ಅದು 67ಪಿ ಧೂಮಕೇತುವನ್ನು ತಲುಪಿತು, ನವೆಂಬರ್ 12ರಂದು ನೌಕೆ ಹೊತ್ತು ತಂದ ಫಿಲೇ ಅನ್ನುವ ಪುಟ್ಟ ಲ್ಯಾಂಡರ್ ಧೂಮಕೇತುವಿನ ಮೇಲೆ ಇಳಿಯಿತು. ಆ ನೌಕೆಯಲ್ಲಿದ್ದ ನ್ಯಾವ್‌ಕ್ಯಾಮ್ ಕ್ಯಾಮೆರಾದ ಚಿತ್ರಗಳನ್ನು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಬೈ-ಎಸ್‌ಎ ಲೈಸೆನ್ಸಿನಲ್ಲಿ ಬಿಟ್ಟಿತು. ಅದೇ ನೌಕೆಯ ಇನ್ನೊಂದು ಕ್ಯಾಮೆರಾ ಒಸೈರಿಸ್. ಅದರ ಚಿತ್ರಗಳು ಇನ್ನೂ ಸ್ಪಷ್ಟ, ಆದರೆ ಮೊದಲು ಹೊರಬಂದಾಗ ಅವು ಹಾಗೆ ಮುಕ್ತವಾಗಿರಲಿಲ್ಲ. ನೌಕೆ ಒಂದು, ಧೂಮಕೇತು ಒಂದು, ಷರತ್ತು ಎರಡು. ನಾನು ನ್ಯಾವ್‌ಕ್ಯಾಮ್‌ಗೇ ಅಂಟಿಕೊಂಡೆ.

ಅದರಲ್ಲೂ ಒಂದು ಮಿತಿ ಇದೆ. ನ್ಯಾವ್‌ಕ್ಯಾಮ್‌ನ ಒಂದು ಚಿತ್ರ 1024 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಅಂದರೆ ಸುಮಾರು ಎಂಟೂವರೆ ಸೆಂಟಿಮೀಟರಿಗಿಂತ ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಪೂರ್ತಿ ಪುಟಕ್ಕೆ ಹಿಗ್ಗಿಸುವ ಆಸೆ ಬಿಟ್ಟು, ಚಿಕ್ಕದಾಗಿಯೇ ಇಟ್ಟು ಪಕ್ಕದಲ್ಲಿ ವಿವರಣೆ ಕೊಟ್ಟೆ. ಪರೀಕ್ಷೆಗೆ ಅಚ್ಚು ಹಾಕಿಸಿದ ಹಾಳೆಯಲ್ಲಿ ಧೂಮಕೇತುವಿನ ಎರಡು ಉಂಡೆಗಳ ನಡುವಿನ ಕಿರಿದಾದ ಕುತ್ತಿಗೆಯಿಂದ ಚಿಮ್ಮುವ ಧೂಳಿನ ಎಳೆಗಳು ಕಾಣುತ್ತಿವೆ. ಕಪ್ಪು ಹಿನ್ನೆಲೆಯನ್ನು ಒಂಚೂರು ತಿಳಿ ಮಾಡಿದ ಮೇಲೆ ಆದದ್ದು ಅದು. ಕಾಗದ ಶಾಯಿ ಹೀರಿದಾಗ ಆ ಎಳೆಗಳೇ ಮೊದಲು ಮಾಯವಾಗುತ್ತವೆ. ತಿಳಿ ಮಾಡಿದ್ದೇನೆ ಅಂತ ಚಿತ್ರದ ಕೆಳಗೇ ಬರೆದಿದ್ದೇನೆ.

ಎಲ್ಲಿ ಮಾರುವುದು ಅನ್ನುವುದೂ ಹೆಚ್ಚುಕಮ್ಮಿ ತೀರ್ಮಾನವಾಗಿದೆ. ಬರೆದವರೇ ಪುಸ್ತಕ ಪ್ರಕಟಿಸಿಕೊಳ್ಳುವ ಅಮೆಜಾನ್‌ನ ಸೇವೆ ಕೆಡಿಪಿ ಇಂಥ ಪುಸ್ತಕಕ್ಕೆ ಹೊಂದುವುದಿಲ್ಲ. ವೆಬ್‌ನಲ್ಲಿ ಉಚಿತವಾಗಿ ಸಿಗುವ ಬರಹದ ಹಕ್ಕು ನಿಮ್ಮದೇ ಅಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ ಅಂತ ಅವರ ನಿಯಮದಲ್ಲೇ ಇದೆ. ಮೂಲದಲ್ಲಿ ಹಂಚಲು ಅನುಮತಿ ಇದ್ದರೂ ಅಷ್ಟೇ. ಹಕ್ಕಿನ ಅವಧಿ ಮುಗಿದ ಹಳೆಯ ಕೃತಿಗಳಿಗೆ ಮಾತ್ರ ಅವಕಾಶ, ಅವುಗಳ ಉಚಿತ ಪ್ರತಿ ಅವರ ಅಂಗಡಿಯಲ್ಲಿ ಆಗಲೇ ಇದ್ದರೆ ಅನುವಾದ, ಟಿಪ್ಪಣಿ, ಚಿತ್ರ ಹೀಗೆ ಏನಾದರೂ ಹೊಸದು ಸೇರಿರಬೇಕು. ಒಂದೇ ಬರಹದ ನೂರು ಪುಸ್ತಕ ಅಂಗಡಿ ತುಂಬುವುದನ್ನು ತಡೆಯಲು ಮಾಡಿದ ನಿಯಮ ಇದು, ನನಗೆ ಅದರ ಮೇಲೆ ಬೇಸರವಿಲ್ಲ. ಅಚ್ಚಿನ ಪ್ರತಿಯನ್ನು ಬೇಡಿಕೆ ಬಂದಷ್ಟೇ ಮುದ್ರಿಸಿ ನಾನೇ ಕಳಿಸುತ್ತೇನೆ. ಇ-ಪುಸ್ತಕಕ್ಕೆ ನಕಲು ತಡೆಯುವ ಡಿಆರ್‌ಎಂ ಬೀಗ ಇರುವುದಿಲ್ಲ. ಲೈಸೆನ್ಸ್ ಕೊಟ್ಟ ಹಕ್ಕನ್ನು ತಾಂತ್ರಿಕ ಬೀಗ ಹಾಕಿ ಕಿತ್ತುಕೊಳ್ಳಬಾರದು ಅಂತ ಬೈ-ಎಸ್‌ಎ ಸ್ಪಷ್ಟವಾಗಿ ಹೇಳುತ್ತದೆ. ವಿಕಿಪೀಡಿಯದ ಗೋಳದ ಲೋಗೋ ಮುಖಪುಟದಲ್ಲಿ ಇರುವುದಿಲ್ಲ. ಅದು ಟ್ರೇಡ್‌ಮಾರ್ಕ್, ಬರಹದ ಲೈಸೆನ್ಸ್ ಅದಕ್ಕೆ ತಾಗುವುದಿಲ್ಲ.

ಸರಿಮಾಡಿದ ಸಾಲುಗಳನ್ನೆಲ್ಲ ವಿಕಿಪೀಡಿಯಕ್ಕೂ ವಾಪಸ್ ಹಾಕುತ್ತಿದ್ದೇನೆ. ಹ್ಯಾಲಿಯ ಸಾಲು ಮೊದಲು ಹೋಯಿತು. ಅನುವಾದ ಮಾಡಿದ ಭಾಗಗಳು ಒಂದೊಂದಾಗಿ ಹೋಗುತ್ತಿವೆ.

ಉಳಿದದ್ದು ಪದಸೂಚಿ, ಕೊನೆಯ ಕರಡು ತಿದ್ದುವುದು, ಮತ್ತು ಒಂದು ಚಿತ್ರ. 2020ರ ನಿಯೋವೈಸ್ ಧೂಮಕೇತುವಿನ ಎರಡು ಬಾಲಗಳೂ (ಧೂಳಿನದು, ಅನಿಲದ್ದು) ಬೇರೆ ಬೇರೆಯಾಗಿ ಕಾಣುವ ಚಿತ್ರ ನಿಮ್ಮಲ್ಲಿ ಯಾರಾದರೂ ತೆಗೆದಿದ್ದರೆ, ಅದನ್ನು ಬೈ-ಎಸ್‌ಎ ಲೈಸೆನ್ಸಿನಲ್ಲಿ ಬಿಡಲು ಮನಸ್ಸಿದ್ದರೆ ತಿಳಿಸಿ. ಅಗಲ 1400 ಪಿಕ್ಸೆಲ್ ಇದ್ದರೂ ಸಾಕು. ಚಿತ್ರದ ಕೆಳಗೇ ನಿಮ್ಮ ಹೆಸರು ಹಾಕುತ್ತೇನೆ.