ಹರಕೆ ಬಾಳೆಗೊನೆ

ಮಗನ ಹೋಂವರ್ಕಿಗೆ ಇವತ್ತು ವಿಕಿಪೀಡಿಯ ತೆಗೆದೆ. ಮೇಲ್ಗಡೆ ಅದೇ ದೊಡ್ಡ ಪಟ್ಟಿ, ದೇಣಿಗೆ ಕೊಡಿ ಅಂತ.

"ಬಿಟ್‌ಕಾಯಿನ್ ಕೊಟ್ರೆ ತಗೊಳ್ತಾರಾ ಅಪ್ಪಾ?"

ತಗೊಳ್ತಿದ್ರು ಕಣೋ, ಆ ಡಿಜಿಟಲ್ ದುಡ್ಡನ್ನೂ. ವಿಕಿಪೀಡಿಯ ನಡೆಸೋ ವಿಕಿಮೀಡಿಯ ಫೌಂಡೇಶನ್ನು 2014ರಲ್ಲಿ ಶುರು ಮಾಡಿ 2022ರಲ್ಲಿ ನಿಲ್ಲಿಸ್ತು. ಅದನ್ನ ಮೈನ್ ಮಾಡೋಕೆ, ಅಂದ್ರೆ ಕಂಪ್ಯೂಟರಲ್ಲಿ ಹೊಸದಾಗಿ ಹುಟ್ಟಿಸೋಕೆ, ಸುಡೋ ಕರೆಂಟಿನ ಲೆಕ್ಕ ತೆಗೆದು, ವಿಕಿಪೀಡಿಯಕ್ಕೆ ಬರೆಯೋ ಜನರೇ ತಿಂಗಳುಗಟ್ಟಲೆ ಜಗಳ ಆಡಿ, ಬೇಡ ಅಂದ್ರು.

ನಂಗೆ ಮಜಾ ಅನ್ಸಿದ್ದು ಬೇರೆ. ಅಷ್ಟೂ ವರ್ಷ ಅವರು ಒಂದು ಬಿಟ್‌ಕಾಯಿನ್ನೂ ಇಟ್ಕೊಂಡಿರಲಿಲ್ಲವಂತೆ. ಬಂದದ್ದನ್ನ ಅವತ್ತವತ್ತೇ ಡಾಲರ್ ಮಾಡಿಬಿಡೋರು.

ನಮ್ಮೂರ ಜಾತ್ರೇಲಿ ಹರಕೆ ಬಾಳೆಗೊನೆ ಏಲಂ ಹಾಕ್ತಾರಲ್ಲ, ಥೇಟ್ ಹಾಗೆ. ಬೆಳಿಗ್ಗೆ ಅಮ್ಮ ಅರಿಶಿನ ಹಚ್ಚಿ, ತಲೆ ಮೇಲೆ ಹೊತ್ತು ತಂದ ಗೊನೆ. ಸಂಜೆ "ಇನ್ನೂರೈವತ್ತು ಒಂದ್ಸಾರಿ, ಎರಡ್ಸಾರಿ..." ದೇವರಿಗೆ ಸೇರಿದ್ದು ನೋಟು. ಗೊನೆ ಹೋಗಿದ್ದು ಪಕ್ಕದ ಬೀದಿ ಹೋಟೆಲಿಗೆ, ಮಾರನೇ ದಿನ ಅಲ್ಲೇ ಬನ್ಸ್ ತಿಂದಿದ್ವಿ.

ಕೊಟ್ಟೋರಿಗೆ ಮಾತ್ರ ಗೊನೆ ಕೊಟ್ಟ ಸಮಾಧಾನ.

ಇಷ್ಟೆಲ್ಲ ಹೇಳಿದ್ಮೇಲೆ ನೂರು ರೂಪಾಯಿ ಹಾಕದೆ ಇರೋಕಾಗ್ಲಿಲ್ಲ. ಹೋಂವರ್ಕ್ ಇನ್ನೂ ಹಾಗೇ ಇದೆ.