ಗಾಜು ಹೋಗಿ ನೀರಾದ ಸಂಜೆ

ವಿಜಯಪುರದ ಬಿಸಿಲಿಗೆ ಹೆದರಿ ಸಂಜೆ ಐದಾದ ಮೇಲೆಯೇ ಕೂತೆವು. ಮಗಳು ಹತ್ತನೇ ಕ್ಲಾಸು. ರಟ್ಟಿನ ಮೇಲೆ ಬಿಳಿ ಹಾಳೆ, ಅದರ ಮೇಲೆ ಗಾಜಿನ ಸ್ಲ್ಯಾಬ್, ನಾಲ್ಕು ಗುಂಡುಸೂಜಿ. ಇಷ್ಟೇ ಸಾಮಾನು. ಗಾಜಿನೊಳಗೆ ಹೋದ ಬೆಳಕು ಎಷ್ಟು ಬಾಗುತ್ತದೆ ಅಂತ ಅಳೆಯುವ ಪ್ರಯೋಗ.

ಈ ಕಡೆ, ಸ್ಲ್ಯಾಬ್ ಅಂಚಿಗೆ ಎಳೆದ ಲಂಬದಿಂದ 45 ಡಿಗ್ರಿ ಓರೆಯ ಗೆರೆಯ ಮೇಲೆ ಎರಡು ಸೂಜಿ ಚುಚ್ಚಬೇಕು. ಆ ಕಡೆಯಿಂದ ಗಾಜಿನೊಳಗೆ ಇಣುಕಿ, ಅವು ಕಂಡ ಸಾಲಿಗೇ ಇನ್ನೆರಡು. ಸ್ಲ್ಯಾಬ್ ತೆಗೆದು ಗೆರೆ ಎಳೆದರೆ ಒಳಗಿನ ಕೋನ ಸಿಗುತ್ತದೆ. ನಮಗೆ ಸಿಕ್ಕಿದ್ದು 32 ಡಿಗ್ರಿ. 45ರ ಸೈನ್ (ತ್ರಿಕೋನಮಿತಿಯ sin) ಅನ್ನು 32ರ ಸೈನ್‌ನಿಂದ ಭಾಗಿಸಿದರೆ 1.33.

"ಅಪ್ಪಾ, ಇದು ಗಾಜಲ್ಲ, ನೀರ ಐತಿ ನೋಡ್ರಿ!"

ಹೌದಲ್ವಾ, 1.33 ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ಸಂಖ್ಯೆ. ಸಾಮಾನ್ಯ ಗಾಜಿಗೆ 1.5ರ ಆಸುಪಾಸು ಬರಬೇಕು.

ತಪ್ಪು ನನ್ನದೇ. ಸೂಜಿಗಳು ಓರೆಯಾಗಿದ್ದವು, ನಾನು ಸುಮ್ನೆ ಅವುಗಳ ತಲೆ ನೋಡಿ ಸಾಲು ಹಿಡಿದಿದ್ದೆ. ನೋಡಬೇಕಾದದ್ದು ಬುಡ. ಮೇಲಾಗಿ ಸೂಜಿಗಳು ತೀರ ಹತ್ತಿರ ಇದ್ದವು. ಈ ಸಲ ಐದಾರು ಸೆಂಟಿಮೀಟರ್ ಬಿಟ್ಟು ನೆಟ್ಟಗೆ ಚುಚ್ಚಿದೆವು. ಕೆನ್ನೆಯನ್ನು ಹಾಳೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿದೆ. (ಈ ವಯಸ್ಸಿಗೆ ಕುತ್ತಿಗೆ ಕೇಳಬೇಕಲ್ಲ!) 28 ಡಿಗ್ರಿ. ಭಾಗಿಸಿದರೆ 1.51.

ಡಚ್ ಗಣಿತಜ್ಞ ಸ್ನೆಲ್ 1621ರಲ್ಲೇ ಕಂಡುಕೊಂಡಿದ್ದ ಲೆಕ್ಕ ನಮ್ಮ ಪಡಸಾಲೆಯಲ್ಲಿ ಸರಿಹೋಗುವಷ್ಟರಲ್ಲಿ ಚಹಾ ಆರಿತ್ತು. ಮಗಳು ಆಗಲೇ 60 ಡಿಗ್ರಿ ಗೆರೆ ಎಳೆಯುತ್ತಿದ್ದಳು.